ಬಿಗಿ ಕಾಲರ್

ನಾನು ಕಾರ್ಖಾನೆಯಲ್ಲಿ ಶರ್ಟಿಗೆ ಕಾಲರ್ ಹೊಲಿಯುವವಳು. ವರ್ಷದ ಮೌಲ್ಯಮಾಪನಕ್ಕೆಂದು ಮ್ಯಾನೇಜರ್ ತಮ್ಮ ಕೋಣೆಗೆ ಕರೆದರು.

“ನಿನ್ನ ಕಾಲರ್ ತುಂಬಾ ಬಿಗಿ ಕಣಮ್ಮ.”

“ಯಾವಾಗಿಂದ ಸರ್?”

“ಹೋದ ವರ್ಷದಿಂದ.”

ನನಗೆ ಮೈಯೆಲ್ಲ ಉರಿಯಿತು. “ಅವತ್ತೇ ಹೇಳೋಕೇನಾಗಿತ್ತು? ಎಷ್ಟು ಜನರ ಕುತ್ತಿಗೆ ಹಿಸುಕಿದ್ದೀನೋ!”

“ಅಂಥದ್ದೆಲ್ಲ ಮೌಲ್ಯಮಾಪನದಲ್ಲೇ ಹೇಳ್ಬೇಕು,” ಎಂದು ಗತ್ತಿನಿಂದ ಎದ್ದರು. ಅವರು ತೊಟ್ಟಿದ್ದೂ ನಮ್ಮದೇ ಶರ್ಟು. ಪಾಪ, ಕುತ್ತಿಗೆ ಕೆಂಪಗಾಗಿತ್ತು.

ದೊಡ್ಡ ಸಾಹೇಬರನ್ನು ಕಾಣಲು ಅವರು ಬಾಗಿಲ ಕಡೆ ತಿರುಗಿದಾಗ, ಪ್ಯಾಂಟಿನ ಹಿಂದೆ ಹೊಲಿಗೆ ಉದ್ದಕ್ಕೂ ಬಿಟ್ಟುಕೊಂಡಿದ್ದು ಕಂಡಿತು.

“ಸರ್, ನಿಮಗೂ ಒಂದು ಮಾತು ಹೇಳೋದಿತ್ತು,” ಎಂದೆ, ಸೆರಗಿಗೆ ಸಿಕ್ಕಿಸಿಕೊಂಡಿದ್ದ ಸೂಜಿ ತೆಗೆದು ದಾರ ಪೋಣಿಸುತ್ತ. “ಅವಸರವೇನಿಲ್ಲ, ಮುಂದಿನ ವರ್ಷ ಹೇಳ್ತೀನಿ.”

ತಿರುಗಿ ನೋಡಿದ ಅವರಿಗೆ ನನ್ನ ನೋಟ ಎಲ್ಲಿದೆ ಎಂದು ಗೊತ್ತಾಗಿ, ಕೈ ಮೆಲ್ಲಗೆ ಹಿಂದಕ್ಕೆ ಹೋಯಿತು.

“ಅಯ್ಯೋ, ಈಗ್ಲೇ ಹೇಳ್ಬಾರ್ದಾ ತಾಯಿ!”