ಅತ್ತೆಯ ಮೊದಲ ವೋಟು

ಆ ಊರಿನ ಅಧ್ಯಕ್ಷಗಿರಿ ಒಂದೇ ಮನೆತನದ ಸೊತ್ತಾಗಿಬಿಟ್ಟಿತ್ತು. ಅಜ್ಜ ಕೂತೆದ್ದ ಕುರ್ಚಿಯಲ್ಲಿ ಅಪ್ಪ ಕೂತ, ಈಗ ಮೊಮ್ಮಗ ಮರಿಸಾಹೇಬನ ಸರದಿ. ಎದುರು ನಿಲ್ಲುವ ಗುಂಡಿಗೆ ಯಾರಿಗೂ ಇರದಿದ್ದರಿಂದ ಪ್ರತಿ ಸಲವೂ ಅವಿರೋಧ ಆಯ್ಕೆ.

ಮೂಲೆ ಬೇಕರಿಯ ಒಡತಿ ಇದಕ್ಕೆಲ್ಲ ತಲೆ ಕೆಡಿಸಿಕೊಂಡವಳಲ್ಲ. ಒಂದು ಬೆಳಿಗ್ಗೆ ಅವಳು ಹಿಟ್ಟು ನಾದುತ್ತಿದ್ದಾಗ, ಬ್ರೆಡ್ಡಿಗೆ ಕಾಗದ ಸುತ್ತುತ್ತಿದ್ದ ಅತ್ತೆ ನಿಟ್ಟುಸಿರು ಬಿಟ್ಟರು.

"ಇಷ್ಟು ವಯಸ್ಸಾಯ್ತು, ನಮ್ಮೂರ ಅಧ್ಯಕ್ಷಗಿರಿಗೆ ಒಂದ್ಸಲಾನೂ ವೋಟ್ ಹಾಕಿಲ್ಲ ಕಣೇ. ಹಾಕ್ದೇನೇ ಹೋಗ್ಬಿಡ್ತೀನೇನೋ."

ಆ ಮಾತು ಸೊಸೆಗೆ ಚುರುಕ್ಕೆಂದಿತು. ಮಧ್ಯಾಹ್ನವೇ ಕೈತೊಳೆದು ಹೋಗಿ ನಾಮಪತ್ರ ಸಲ್ಲಿಸಿ ಬಂದಳು. ದೊಡ್ಡವರನ್ನು ಎದುರು ಹಾಕಿಕೊಂಡರೆ ಅಂಗಡಿಯ ಗತಿಯೇನೆಂದು ಗಂಡ ಹಣೆ ಹಣೆ ಚಚ್ಚಿಕೊಂಡ. ಗೆಲ್ಲುವುದು ಆಮೇಲೆ, ಚುನಾವಣೆಯಾದರೂ ನಡೆಯಲಿ ಎಂದಳು.

ಊರಿಗೆ ಊರೇ ಕಳೆಗಟ್ಟಿತು. ಕಂಗಾಲಾದವನೆಂದರೆ ಮರಿಸಾಹೇಬ. ಹುಟ್ಟಿದಂದಿನಿಂದ ಯಾರ ಮುಂದೆಯೂ ಕೈಯೊಡ್ಡಿ ಗೊತ್ತಿರದವನು ಬಿಸಿಲಲ್ಲಿ ಬೆವರಿಳಿಸುತ್ತ ಮನೆಮನೆ ಅಲೆದ. ಬೇಕರಿಯವಳಿಲ್ಲದ ಹೊತ್ತಿನಲ್ಲಿ ಅವಳ ಮನೆಗೂ ಬಂದು ಹೋದನಂತೆ.

ಮತದಾನದ ದಿನ ಅತ್ತೆ ಇದ್ದುದರಲ್ಲೇ ಒಳ್ಳೆಯ ಬಟ್ಟೆಯುಟ್ಟು ಎಲ್ಲರಿಗಿಂತ ಮೊದಲು ಸಾಲಿನಲ್ಲಿ ನಿಂತರು. ಶಾಯಿ ಹಚ್ಚಿದ ಬೆರಳನ್ನು ಬೀದಿಯುದ್ದಕ್ಕೂ ತೋರಿಸುತ್ತ ಬಂದರು.

ಸೊಸೆ ಕೂದಲೆಳೆಯ ಅಂತರದಲ್ಲಿ ಸೋತಳು. ಊಟಕ್ಕೆ ಕೂತಾಗ ಅತ್ತೆ ತಟ್ಟೆಯಿಂದ ತಲೆಯನ್ನೇ ಎತ್ತಲಿಲ್ಲ.

"ನಾನು ಅವನಿಗೇ ಹಾಕಿದ್ದು ಕಣೇ."

"ಯಾಕತ್ತೆ?"

"ಮನೆ ತನಕ ಬಂದು ಕೇಳ್ದ. ಅವನ ಅಪ್ಪ, ಅಜ್ಜ ಯಾವತ್ತಾದ್ರೂ ಕೇಳಿದ್ರಾ? ಅದ್ಸರಿ, ನೀನು ಕೇಳಿದ್ಯಾ?"

ನಿಜ, ಸೊಸೆ ಕೇಳಿರಲಿಲ್ಲ. ಮನೆಯ ವೋಟು, ಎಲ್ಲಿಗೆ ಹೋಗುತ್ತದೆ ಎಂದು ತಾನೂ ಅದನ್ನು ಪಿತ್ರಾರ್ಜಿತವೆಂದೇ ತಿಳಿದಿದ್ದಳು. ಗಂಡ ನಗು ತಡೆಯಲಾರದೆ ನೆತ್ತಿ ಹತ್ತಿಸಿಕೊಂಡ. ಆಮೇಲೆ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಗೆದ್ದರೂ ಮರಿಸಾಹೇಬನಿಗೆ ಬಿಸಿ ಮುಟ್ಟಿತ್ತು. ಕಚೇರಿಗೆ ದಿನಾ ಬರತೊಡಗಿದ, ಬಂದವರಿಗೆ ಕುರ್ಚಿ ಕೊಟ್ಟು ಮಾತಾಡಿಸತೊಡಗಿದ. ಮುಂದಿನ ಚುನಾವಣೆಗೆ ದರ್ಜಿ, ನರ್ಸಮ್ಮ, ಬಸ್ಸಿನ ಡ್ರೈವರು ಎಲ್ಲರೂ ನಿಂತರು. ಬೇಕರಿಯವಳೂ ಬಿಡಲಿಲ್ಲ. ಈ ಸಲ ಪ್ರಚಾರವನ್ನು ಅಡುಗೆಮನೆಯಿಂದಲೇ ಶುರುಮಾಡಿ, ನಿಮ್ಮ ವೋಟು ನನಗೇ ಕೊಡಬೇಕು ಅತ್ತೆ ಎಂದು ಕೇಳಿಯೇ ಕೇಳಿದಳು.

ಅತ್ತೆ ಕುರ್ಚಿ ಎಳೆದುಕೊಂಡು ಕೂತರು. ಗೆದ್ದರೆ ಏನೇನು ಮಾಡುತ್ತೀಯ, ಒಂದೊಂದಾಗಿ ಹೇಳು ಎಂದರು.