ಕಾಲು ಮುಂದಾಗಿ ಹುಟ್ಟಿದವನು

ಕಾಲು ಮುಂದಾಗಿ ಹುಟ್ಟಿದವರು ಸೊಂಟಕ್ಕೆ ಒದ್ದರೆ ಉಳುಕು ಬಿಡುತ್ತದೆ ಎಂದು ಸಖರಾಯಪಟ್ಟಣದ ಹಳಬರ ನಂಬಿಕೆ. ತೀರ್ಥೇಶ ಹುಟ್ಟಿದ್ದು ಎಲ್ಲರಂತೆ ತಲೆ ಮುಂದಾಗಿಯೇ. ಆದರೆ ತೆಂಗಿನಕಾಯಿ ಮೂಟೆ ಎತ್ತಲು ಹೋದ ರೇವಣಪ್ಪ ಸೊಂಟ ಹಿಡಿದುಕೊಂಡು, ಕೊಕ್ಕರೆಯಂತೆ ಬಗ್ಗಿ ಟೀ ಹೋಟೆಲಿನ ಮುಂದೆ ನಿಂತಾಗ ಇವನ ನಾಲಿಗೆ ಸುಮ್ಮನಿರಲಿಲ್ಲ.

"ನಾನ್ ಕಾಲ್ ಮುಂದಾಗಿ ಹುಟ್ಟಿದೋನು ಕಣಣ್ಣೋ! ಈ ಕಾಲು ಮೇಲೆದ್ರೆ ನೋವು ತಾಲ್ಲೂಕು ಬಿಟ್ಟು ಓಡ್ಬೇಕು!"

ಗೆಳೆಯ ವಿಜಯ್ ಮೊಬೈಲ್ ಹಿಡಿದ. ತೀರ್ಥೇಶ ಕಾಲರ್ ಎತ್ತಿ, ಕೂದಲು ಸವರಿ, ಸ್ಲೋ ಮೋಷನ್ನಿನಲ್ಲಿ ನಡೆದು ಬಂದು ಒದ್ದ. ರೇವಣಪ್ಪ "ಅಯ್ಯಪ್ಪಾ" ಎಂದ. ಇಡೀ ಹೋಟೆಲು ನಕ್ಕಿತು.

ವಾರದಲ್ಲಿ ನೋವು ಇಳಿಯಿತು. ಅಪ್ಪನ ವಯಸ್ಸಿನ ರೇವಣಪ್ಪ ಎಲೆ ಅಡಿಕೆ, ತೆಂಗಿನಕಾಯಿ ಹಿಡಿದು ಮನೆಗೆ ಬಂದು, ತೀರ್ಥೇಶನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಗಲೇ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಕಾಯಿ ಚಟ್ನಿಯಾಯಿತು.

ಸುದ್ದಿ ಕೇಳಿ ಸೋಮವಾರ ಬೆಳಿಗ್ಗೆ ಸುಲೋಚನಮ್ಮ ಜಗಲಿ ಹತ್ತಿ ಬಂದರು. ಅಂಗನವಾಡಿಯಲ್ಲಿ ಇವನ ಕೈ ಹಿಡಿದು ಅಕ್ಷರ ತಿದ್ದಿಸಿದವರು. ಬಂದವರೇ ಚಾಪೆಯ ಮೇಲೆ ಬೋರಲು ಮಲಗಿದರು.

"ಒದಿಯಪ್ಪಾ. ಎಡಗಾಲು ಜೋಮು ಹಿಡ್ದಂಗೈತೆ. ಚಪ್ಲಿ ಎಲ್ಲಿ ಬಿತ್ತು ಅಂತಾನೂ ಗೊತ್ತಾಗಲ್ಲ. ಕಡೂರಿಗೆ ಹೋಗು ಅಂತಾಳೆ ಮಗಳು. ನೀನಿರೋವಾಗ ಡಾಕ್ಟ್ರು ಯಾಕೆ?"

ತೀರ್ಥೇಶ ಕಾಲೆತ್ತಿದ. ಬಾಗಿಲಲ್ಲಿ ಅವ್ವ ನಿಂತಿದ್ದಳು. ಮಗ ಹೇಗೆ ಹುಟ್ಟಿದನೆಂದು ಹೆತ್ತವಳಿಗೆ ಗೊತ್ತಿಲ್ಲವೇ? ಅವಳು ಅವನನ್ನೇ ನೋಡಿದಳು. ಎತ್ತಿದ ಕಾಲು ತಾನಾಗಿಯೇ ಕೆಳಗಿಳಿಯಿತು.

"ಏಳಿ ಟೀಚರಮ್ಮಾ. ನಾನ್ ಹಂಗೆ ಹುಟ್ಟಿಲ್ಲ. ತಮಾಷೆಗೆ ಹೇಳಿದ್ದು."

"ರೇವಣಪ್ಪಂಗೆ ವಾಸಿ ಆಯ್ತಲ್ಲೋ?"

"ಅದು ಹೆಂಗಾಯ್ತೋ ಗೊತ್ತಿಲ್ಲ. ಆಟೋ ತತ್ತೀನಿ, ನಡೀರಿ."

ಕಡೂರಿನ ಡಾಕ್ಟರಮ್ಮ ಸುಲೋಚನಮ್ಮನ ಕಾಲೆತ್ತಿಸಿ, ಪಾದ ಮುಟ್ಟಿ ನೋಡಿ, ಸ್ಕ್ಯಾನಿಂಗಿಗೆ ಬರೆದರು. "ಬರೀ ಉಳುಕಾದ್ರೆ ಮೆಲ್ಲಗೆ ಓಡಾಡ್ಕೊಂಡಿದ್ರೆ ತಾನೇ ಹೋಗುತ್ತೆ. ಭಾರ ಎತ್ತೋವಾಗ ಸೊಂಟ ಬಗ್ಗಿಸ್ದೆ ಮಂಡಿ ಮಡಚ್ಬೇಕು. ಆದ್ರೆ ಇದು ನರ ಒತ್ತಿರೋ ಹಂಗಿದೆ. ಕಾಲಲ್ಲಿ ಬಲ ಇಲ್ಲ ಅಂದ್ರೆ ಕಾಯ್ಬಾರ್ದು. ಯಾರ ಕೈಲಾದ್ರೂ ಒದಿಸ್ಕೊಂಡಿದ್ರೆ ಏನ್ ಗತಿ?"

ತೀರ್ಥೇಶ ತನ್ನ ಬಲಗಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡ.

ಹೊರಗೆ ಬಂದಾಗ ಸುಲೋಚನಮ್ಮ ಕೇಳಿದರು: "ನನ್ಗೇನೋ ಹೇಳ್ದೆ. ರೇವಣಪ್ಪಂಗೆ?"

ಸಂಜೆ ರೇವಣಪ್ಪ ತೋಟದಲ್ಲಿ ಕಾಯಿ ತುಂಬುತ್ತಿದ್ದ. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಡೈಲಾಗುಗಳಲ್ಲಿ ಒಂದೂ ತೀರ್ಥೇಶನ ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ.

"ಒದ್ದಿದ್ದು ಹಾಳಾಗ್ಲಿ. ನಿನ್ ಕಾಲ್ ಮುಟ್ಟಿದ್ನಲ್ಲೋ ನಾನು" ಎಂದು ರೇವಣಪ್ಪ ತನ್ನ ಅಂಗೈಗಳನ್ನು ನೋಡಿಕೊಂಡ.

ತೀರ್ಥೇಶ ಅವನ ಕಾಲಿಗೆ ಬಗ್ಗಿದ. ರೇವಣಪ್ಪ ಕಾಲು ಹಿಂದಕ್ಕೆ ತೆಗೆದುಕೊಂಡು ಮೂಟೆಯತ್ತ ತಿರುಗಿ, ಬೆನ್ನು ಬಗ್ಗಿಸಿದ.

"ಅಣ್ಣಾ, ಹಂಗಲ್ಲ. ಮಂಡಿ ಮಡಚಿ ಎತ್ತು. ಡಾಕ್ಟರಮ್ಮ ಹೇಳಿದ್ರು."

ರೇವಣಪ್ಪ ಬಗ್ಗಿದಲ್ಲಿಂದಲೇ ಕತ್ತು ಹೊರಳಿಸಿ ನೋಡಿದ.

"ಇದಾದ್ರೂ ನಿಜವೇನಲೇ?"