ಅಂಗಡಿಯಲ್ಲಷ್ಟೇ ನಡೆಯುವ ಲ್ಯಾಪ್‌ಟಾಪ್

ಕೋಮಲ ಬ್ಯಾಗು ಹೆಗಲಿಗೇರಿಸಿಕೊಂಡು ಮತ್ತೆ ಮೆಟ್ಟಿಲು ಹತ್ತುತ್ತಿರುವುದನ್ನು ಕಂಡಾಗಲೇ ರಾಜಮತಿ ಕೈಯಲ್ಲಿದ್ದ ಕೆಲಸ ಬದಿಗಿಟ್ಟಳು.

ಅಥಣಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ರಾಜಮತಿಯ ರಿಪೇರಿ ಅಂಗಡಿ. ತಂದೆಯ ಕಾಲದಲ್ಲಿ ಅಲ್ಲಿ ಸುಟ್ಟ ಪಂಪ್‌ಸೆಟ್ಟಿನ ಮೋಟರುಗಳು ಬರುತ್ತಿದ್ದವು. ಈಗ ಲ್ಯಾಪ್‌ಟಾಪು, ಮೊಬೈಲು. ಕೊಕಟನೂರ ರಸ್ತೆಯ ತೋಟದ ಮನೆಯ ಸೊಸೆ ಕೋಮಲ ಮೊದಲ ಸಲ ಬಂದಾಗ ಹೊಸ ಲ್ಯಾಪ್‌ಟಾಪು ಕೊಳ್ಳುವ ವಿಚಾರದಲ್ಲಿದ್ದಳು. ಕಟ್ಟಬೇಕೆಂದಿರುವ ಮನೆ ಮುಂದೆ ಹೇಗೆ ಕಾಣುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ತೋರಿಸುವುದು ಅವಳ ಕೆಲಸ. ಅದಕ್ಕೆಂದೇ ಗೇಮ್ ಆಡುವವರ ಭಾರೀ ಲ್ಯಾಪ್‌ಟಾಪೊಂದನ್ನು ಇಟ್ಟುಕೊಂಡಿದ್ದಳು. ಈಚೆಗೆ ಅದು ಎಳೆಯಲಾರದೆ ಎಳೆಯುತ್ತಿತ್ತು.

ಬಿಚ್ಚಿ ನೋಡಿದ ರಾಜಮತಿ, ಅದರ ಗ್ರಾಫಿಕ್ಸ್ ಕಾರ್ಡು ಬೋರ್ಡಿಗೇ ಅಂಟಿಲ್ಲ, ತೆಗೆದು ಹಾಕಲು ಬರುತ್ತದೆ ಎಂಬುದನ್ನು ಕಂಡು, "ಹೊಸಾದು ಯಾಕ ತಗೋತಿ? ಕಾರ್ಡ್ ಅಷ್ಟ ಬದಲಿ ಮಾಡೂಣು. ಕುದುರಿ ಆಗತೈತಿ" ಎಂದಿದ್ದಳು. ಆ ಮಾತು ಈಗ ಅವಳಿಗೇ ತಿರುಗಿಬಿದ್ದಿತ್ತು.

ಹೊಸ ಕಾರ್ಡು ಹಾಕಿದಂದು ಪರದೆಯ ಮೇಲೆ ಏನೂ ಮೂಡಲಿಲ್ಲ. ಕಾರ್ಡು ಪೂರ್ತಿ ಕೂತಿರಲಿಲ್ಲ, ಒತ್ತಿ ಕೂರಿಸಿದಳು. ಆಮೇಲೆ ಚಿತ್ರ ಬಂತು, ಆದರೆ ನಡುಗುತ್ತಿತ್ತು. ಹಳೆಯ ಕಾರ್ಡಿನ ಡ್ರೈವರ್ ಸಾಫ್ಟ್‌ವೇರ್ ಇನ್ನೂ ಒಳಗೇ ಉಳಿದಿತ್ತು, ಅದನ್ನು ಬೇರುಸಹಿತ ಕಿತ್ತು ಹೊಸದನ್ನು ಹಾಕಿದಳು. ಬಳಿಕ ಬಿಸಿ ಏರತೊಡಗಿತು. ಕಾರ್ಡಿಗೂ ಬಿಸಿ ಹೀರುವ ತಾಮ್ರದ ಪಟ್ಟಿಗೂ ನಡುವಿನ ಮೆತ್ತೆ ತೆಳುವಾಗಿತ್ತು, ದಪ್ಪನೆಯದನ್ನು ತರಿಸಿ ಹಚ್ಚಿದಳು. ಹೆಚ್ಚು ಕರೆಂಟು ಕೊಡುವ ದೊಡ್ಡ ಚಾರ್ಜರನ್ನೂ ಕೊಟ್ಟಳು. ಇಷ್ಟಾದ ಮೇಲೆ ಅಂಗಡಿಯಲ್ಲಿ ದಿನವಿಡೀ ಓಡಿಸಿದರೂ ಲ್ಯಾಪ್‌ಟಾಪು ಕಮಕ್ ಕಿಮಕ್ ಅನ್ನಲಿಲ್ಲ. ಕೋಮಲಳ ಮನೆಗೆ ಹೋದರೆ ಮಾತ್ರ ಸಾಯುತ್ತಿತ್ತು.

"ಅಕ್ಕಾರ, ಮತ್ತ ಬಂದ್ ಆತ್ರಿ."

"ಏನ್ ಮಾಡೂ ಮುಂದ?"

"ವಿಡಿಯೋ ಮಾಡಾಕ ಹಚ್ಚಿದ ಕೂಡ್ಲೇ. ಸುಮ್ಮ ಚಿತ್ರಾ ತಗದ್ ನೋಡಿದ್ರ ಏನೂ ಆಗೂದಿಲ್ರಿ. ಬಟನ್ ಒತ್ತೂದ ತಡ, ಟಪ್!"

ರಾಜಮತಿ ಲ್ಯಾಪ್‌ಟಾಪನ್ನು ತನ್ನ ಮೇಜಿನ ಮೇಲಿಟ್ಟು ಅದೇ ಕೆಲಸ ಹಚ್ಚಿದಳು. ಫ್ಯಾನು ಜೋರಾಯಿತು. ಮನೆಯ ಚಿತ್ರಗಳು ಒಂದರ ಹಿಂದೊಂದು ಸಲೀಸಾಗಿ ತಯಾರಾಗತೊಡಗಿದವು.

"ನೋಡ್ರಿ, ನಿಮ್ಮ ಮುಂದ ಹೆಂಗ ಶ್ಯಾಣ್ಯಾ ಆಗಿ ಕುಂತೈತಿ!"

"ತವರಮನಿಗೆ ಬಂದ ಹೆಣ್ಣಮಗಳಂಗ ಆಗೇತಿ ಬಿಡು ಇದು. ಗಂಡನ ಮನಿಗೆ ಹೋದ್ರ ಮಾರಿ ಗಂಟ ಹಾಕತೈತಿ."

ಕೋಮಲ ನಗಲಿಲ್ಲ. ಚಿಕ್ಕೋಡಿಯ ಎಂಜಿನಿಯರ್ ನಿಖಿಲ ಇವತ್ತು ಸಂಜೆ ಫೋನು ಮಾಡುವವನಿದ್ದ. ತಾನು ಕಟ್ಟಿಸುವ ಎಲ್ಲ ಮನೆಗಳ ವಿಡಿಯೋ ಮಾಡಿಕೊಡಲು ಆಗುತ್ತದೆಯೋ ಇಲ್ಲವೋ ಹೇಳಿಬಿಡಿ, ಇಲ್ಲವಾದರೆ ಬೇರೆಯವರನ್ನು ನೋಡುತ್ತೇನೆ ಎಂದಿದ್ದ.

"ಇದೊಂದು ವಿಡಿಯೋ ಇಲ್ಲೇ ಮುಗಿಸಿ ಒಯ್ಯಬಹುದ್ರಿ ಅಕ್ಕಾರ. ಮುಂದಿನವು? ದಿನಾ ನಿಮ್ಮ ಅಂಗಡ್ಯಾಗ ಸಂಸಾರ ಹೂಡ್ಲ್ಯಾ? ಆಗೂದಿಲ್ಲ ಅಂತ ಹೇಳಿಬಿಡ್ತೇನ್ರಿ ಅವರಿಗೆ."

ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ರಾಜಮತಿಗೆ ಹೆಚ್ಚು ನಾಟಿತು. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು.

"ಸಂಜಿ ಆಗೂಮಟಾ ಏನೂ ಹೇಳಬ್ಯಾಡ" ಎಂದವಳೇ ಕರೆಂಟು ಅಳೆಯುವ ಮೀಟರನ್ನು ಚೀಲಕ್ಕೆ ಹಾಕಿಕೊಂಡು ಶಟರ್ ಎಳೆದಳು. "ನಡಿ, ಗಂಡನ ಮನ್ಯಾಗ ಇದಕ್ಕ ಯಾರು ಕಾಡ್ತಾರ ನೋಡೂಣು."

ಕಬ್ಬು, ದ್ರಾಕ್ಷಿಯ ನಡುವಿನ ಮಣ್ಣಿನ ದಾರಿಯಲ್ಲಿ ಸ್ಕೂಟರು ಹೋಗಿ ನಿಂತಾಗ ಕೋಮಲಳ ಅತ್ತೆ ಗೌರಾಬಾಯಿ ಅಂಗಳದಲ್ಲೇ ಇದ್ದಳು.

"ಮತ್ತ ಹೊತ್ಕೊಂಡ ಬಂದಿ ಏನ ಬೇ ಆ ಪೀಡಾ?" ಎಂದು ಸೊಸೆಗೆ ಕುಟುಕಿ, ರಾಜಮತಿಯತ್ತ ತಿರುಗಿ ಮುಖ ಅರಳಿಸಿದಳು. "ಬರ್ರಿ ಬರ್ರಿ. ಹೊತ್ತ ಮುಳುಗಿದ್ರ ನೀವು ಜೈನರು ಉಣ್ಣೂದಿಲ್ಲ. ಮೊದಲ ಎರಡ ರೊಟ್ಟಿ ಬಡೀತೇನಿ. ಬಳ್ಳೊಳ್ಳಿ ಹಾಕದ ಶೇಂಗಾ ಚಟ್ನಿ ಮಾಡ್ತೇನಿ."

"ಮೊದಲ ಕೆಲಸಾ ಆಗ್ಲಿ ಮಾವಶಿ."

"ಕೆಲಸಾ ಎಲ್ಲಿ ಓಡಿ ಹೋಗತೈತಿ?" ಎನ್ನುತ್ತ ಗೌರಾಬಾಯಿ ಒಳಗೆ ಹೋದಳು.

ಕೋಮಲಳ ಕೋಣೆಯಲ್ಲಿ ಲ್ಯಾಪ್‌ಟಾಪು ಹಚ್ಚಿ ಕೂತರು. ಸುಮ್ಮನಿದ್ದಾಗ ಎಲ್ಲ ಚೆಂದ. ವಿಡಿಯೋಗೆ ಹಚ್ಚಿದ ಕೂಡಲೇ ಪರದೆ ಕಪ್ಪಾಯಿತು. ಪ್ಲಗ್ಗು ಬದಲಿಸಿದರು, ವೈರು ಅಲ್ಲಾಡಿಸಿ ನೋಡಿದರು. ಅದೇ ಕತೆ. ಬ್ಯಾಟರಿ ಎಂದೋ ಸತ್ತುಹೋಗಿತ್ತು, ಹಾಗಾಗಿ ಚಾರ್ಜರು ಒಂದು ಕ್ಷಣ ಕೈಬಿಟ್ಟರೂ ಲ್ಯಾಪ್‌ಟಾಪಿಗೆ ಬೇರೆ ಆಸರೆ ಇರಲಿಲ್ಲ. ಆದರೆ ಚಾರ್ಜರು ಯಾಕೆ ಕೈಬಿಡಬೇಕು? ಹೊಸದು, ಅಂಗಡಿಯಲ್ಲಿ ಇದೇ ಭಾರ ಹೊತ್ತಿತ್ತು.

ಅಷ್ಟರಲ್ಲಿ ಅಡುಗೆಮನೆಯಿಂದ ಮಿಕ್ಸರಿನ ಸದ್ದು ಬಂತು. ಗರ್ರ್ ಎಂದು ಏರಬೇಕಾದದ್ದು ಹೂಂ... ಎಂದು ನರಳಿ ಅಲ್ಲೇ ಉಳಿಯಿತು. ಮೇಲೆ ಫ್ಯಾನಿನ ರೆಕ್ಕೆಗಳನ್ನು ಎಣಿಸಲು ಬರುವಷ್ಟು ನಿಧಾನವಾಯಿತು.

ರಾಜಮತಿ ತಲೆ ಎತ್ತಿದಳು. ಕರೆಂಟು ಸಾಲದೆ ನರಳುವ ಮೋಟರಿನ ಸದ್ದು ಕೇಳುತ್ತಲೇ ಅವಳು ದೊಡ್ಡವಳಾದದ್ದು.

"ಮಾವಶಿ, ಮಿಕ್ಸರ್ ಯಾವಾಗಿಂದ ಹಿಂಗ ಮಾಡಾಕತ್ತೈತಿ?"

"ಅದಕ್ಕೂ ನನ್ನಂಗ ವಯಸ್ಸಾತು ತಾಯಿ. ಬ್ಯಾಸಿಗಿ ಹಿಡದಾಗಿಂದ ಚಟ್ನಿ ಸಣ್ಣಗ ಆಗವಲ್ತು. ಇವಳ ಆ ಡಬ್ಬಿ ಕರೆಂಟೆಲ್ಲಾ ಕುಡೀತೈತಿ."

ರಾಜಮತಿ ಪ್ಲಗ್ಗಿಗೆ ಮೀಟರು ಹಿಡಿದಳು. ಮಿಕ್ಸರ್ ನಿಂತಾಗ ಮುಳ್ಳು ಇರಬೇಕಾದಲ್ಲೇ ಇತ್ತು, ತಿರುಗಿಸಿದರೆ ಅರ್ಧಕ್ಕೆ ಕುಸಿಯಿತು. ಹಿತ್ತಲಿಗೆ ಹೋಗಿ ಕಂಬದತ್ತ ನೋಡಿದಳು. ಮನೆಗೆ ಬರುತ್ತಿದ್ದುದು ಒಂದೇ ತಂತಿ.

"ಇನ್ನೊಂದ ವೈರ್ ಎಲ್ಲಿ ಕೋಮಲ?"

"ಅದು ಹ್ವಾದ ವರ್ಷ ಗಾಳಿಗೆ ಹರದ್ ಬಿತ್ರಿ. ಅವತ್ತಿಂದ ಅರ್ಥಿಂಗ್ ಮ್ಯಾಲೆ ನಡದೈತಿ" ಎಂದು ಕೋಮಲ ಗೋಡೆಯ ಪಕ್ಕ ನೆಲಕ್ಕೆ ಹುಗಿದ ಕಬ್ಬಿಣದ ಪೈಪು ತೋರಿಸಿದಳು.

ತೋಟದ ಮನೆಗಳಲ್ಲಿ ಇದು ಹೊಸದಲ್ಲ. ಕರೆಂಟು ಒಂದು ತಂತಿಯಲ್ಲಿ ಬಂದು, ತಿರುಗಿ ಹೋಗಲು ತಂತಿಯಿಲ್ಲದೆ ನೆಲದೊಳಗೆ ಇಳಿದು ಹೋಗುತ್ತದೆ. ನೆಲ ಹಸಿಯಾಗಿದ್ದರೆ ದಾರಿ ಸಲೀಸು, ಒಣಗಿದರೆ ದಾರಿಯೇ ಇಲ್ಲ. ಪೈಪಿನ ಸುತ್ತ ಮಣ್ಣು ಬಿರುಕು ಬಿಟ್ಟು ಕೂತಿತ್ತು. ಬದಿಗೆ ಸವೆದ ಒಂದು ಚಪ್ಪಡಿಕಲ್ಲು.

"ಈ ಕಲ್ಲ ಯಾತರದು?"

"ಭಾಂಡಿ ತಿಕ್ಕೂದ್ರಿ. ಈಗ ಯಾರೂ ಇಲ್ಲಿ ತಿಕ್ಕೂದಿಲ್ಲ. ಅತ್ತ್ಯಾರ ಮೊಣಕಾಲ ನೋಯ್ತಾವಂತ ನಾನ ಒಳಗ ಸಿಂಕ್ ಮಾಡಿಸೇನಿ. ನೀರೆಲ್ಲಾ ಈಗ ಪೈಪಿನ್ಯಾಗ ತೆಂಗಿನ ಬುಡಕ್ಕ ಹೋಗತೈತಿ."

ರಾಜಮತಿ ಅಲ್ಲೇ ನಿಂತು ನಕ್ಕುಬಿಟ್ಟಳು. ಎಷ್ಟೋ ದಿನಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಆ ನಗುವಿನಲ್ಲೇ ಇಳಿದುಹೋಯಿತು.

"ಕಾರ್ಡ್ ಚಲೋ ಐತೆವ್ವಾ, ಏನೂ ಆಗಿಲ್ಲ. ಮುಂಚೆ ಮೂರೂ ಹೊತ್ತ ಇಲ್ಲಿ ಮುಸುರಿ ನೀರ ಬಿದ್ದ ನೆಲಾ ಹಸಿ ಇರತಿತ್ತು. ಈಗ ಒಣಗೈತಿ. ಹಳೀ ಕಾರ್ಡ್ ಕಡಿಮಿ ಉಣ್ಣತಿತ್ತು, ಹೆಂಗೋ ತಡೀತು. ಹೊಸಾದು ಹೊಟ್ಟಿಬಾಕ, ವಿಡಿಯೋಕ್ಕ ಹಚ್ಚಿದ್ರ ಬರೂ ಕರೆಂಟ್ ಸಾಲೂದಿಲ್ಲ."

ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಗೌರಾಬಾಯಿ ಸೊಂಟಕ್ಕೆ ಕೈ ಕೊಟ್ಟಳು. "ಅಂದ್ರ ನಾ ಭಾಂಡಿ ತಿಕ್ಕಿದ ನೀರಿನ ಮ್ಯಾಲ ಇವಳ ಕಂಪ್ಯೂಟರ್ ನಡೀತಿತ್ತು ಅನ್ನು! ಪಗಾರದಾಗ ನಂದೂ ಪಾಲ ಐತಲೇ ಕೋಮಲ."

"ಮತ್ತ ಕಲ್ಲಿನ ಮ್ಯಾಲ ಕುಂಡರತೀರೇನ್ರಿ ಅತ್ತಿ?"

"ಹೋಗ ಬೇ, ಸಿಂಕ್ ಬಿಟ್ಟ ಕೊಡ್ತೇನಿ ನಾ?"

ರಾಜಮತಿ ಮೇನ್ ಸ್ವಿಚ್ ಆರಿಸಿ, ಅತ್ತೆ ಸೊಸೆ ಇಬ್ಬರನ್ನೂ ಪೈಪಿನಿಂದ ದೂರ ನಿಲ್ಲಿಸಿ, ಅದರ ಬುಡಕ್ಕೆ ಬಕೆಟ್ಟುಗಟ್ಟಲೆ ನೀರು ಸುರಿದಳು. ಮಣ್ಣು ಗಟಗಟ ಕುಡಿಯಿತು. ಪಕ್ಕದಲ್ಲಿ ಕಟ್ಟಿದ್ದ ಎಮ್ಮೆಯನ್ನು ಬಿಚ್ಚಿಸಿ ಆಚೆ ಕಟ್ಟಿಸಿದಳು.

"ಇದು ಇವತ್ತಿನ ಮಟ್ಟಿಗೆ ಅಷ್ಟ. ಹಸೀ ನೆಲದಾಗ ಈ ಪೈಪ್ ಜೀವಾ ತಗೊಳ್ಳೂದು, ಯಾರೂ ಮುಟ್ಟಬ್ಯಾಡ್ರಿ. ದಿನಾ ನೀರ ಹಾಕಿ ನಡಸ್ತೇವಿ ಅಂದ್ರ ನಾ ಲ್ಯಾಪ್‌ಟಾಪ್ ತಿರುಗಿ ಒಯ್ತೇನಿ ನೋಡು." ಅಲ್ಲಿಂದಲೇ ಲೈನ್‌ಮನ್ ಕಾಡಸಿದ್ದನಿಗೆ ಫೋನು ಹಚ್ಚಿ ಹರಿದ ತಂತಿಯ ವಿಷಯ ಹೇಳಿ, ನಾಳೆ ಮುಂಜಾನೆಯೇ ಬಂದು ಎಳೆದುಕೊಡುತ್ತೇನೆ ಎಂದು ಅವನು ಒಪ್ಪುವ ತನಕ ಬಿಡಲಿಲ್ಲ.

ಸ್ವಿಚ್ ಹಾಕಿದರು. ಫ್ಯಾನು ಗಿರ್ರನೆ ತಿರುಗಿತು. ಕೋಮಲ ಕಣ್ಣು ಅರೆಮುಚ್ಚಿ ಬಟನ್ ಒತ್ತಿದಳು. ಪರದೆ ಕಪ್ಪಾಗಲಿಲ್ಲ. ಚಿತ್ರಗಳು ಸಾಲಾಗಿ ಬರತೊಡಗಿದವು.

ರಾಜಮತಿ ರೊಟ್ಟಿ ಮುರಿಯುತ್ತಿದ್ದಾಗ ಚಿಕ್ಕೋಡಿಯ ಫೋನು ಬಂತು. ಏನು ಹೇಳಲಿ ಎಂಬಂತೆ ಕೋಮಲ ಅವಳತ್ತ ನೋಡಿದಳು. ಬಾಯಲ್ಲಿ ತುತ್ತಿದ್ದ ರಾಜಮತಿ ಕೈಸನ್ನೆಯಲ್ಲೇ ಹೇಳು ಎಂದಳು.

"ಹೂನ್ರಿ ಸರ್, ಆಗತೈತ್ರಿ. ಎಲ್ಲಾ ಕಳಸ್ರಿ" ಎಂದಳು ಕೋಮಲ. ಫೋನು ಇಟ್ಟ ಮೇಲೆ ಗೋಡೆಗೊರಗಿ ಕೂತುಬಿಟ್ಟಳು.

ಗೌರಾಬಾಯಿ ಚಟ್ನಿಯ ಚಮಚ ಕೈಯಲ್ಲೇ ಹಿಡಿದು ಪರದೆಗೆ ಬಗ್ಗಿದಳು. ಅಲ್ಲಿ ವಿಡಿಯೋ ಇನ್ನೂ ಕಟ್ಟದ ಮನೆಯೊಂದರ ಬಾಗಿಲು ತೆರೆದು, ನಡುಮನೆ ದಾಟಿ, ಒಲೆಕಟ್ಟೆಯ ತನಕ ಹೋಗುತ್ತಿತ್ತು.

"ಅಡಗಿಮನಿ ಭಾಳ ಇಕ್ಕಟ್ಟ ಆತಲ್ಲ. ಇದರಾಗ ಇಬ್ಬರು ನಿಂದ್ರಾಕ ಆಗೂದಿಲ್ಲ."

"ಇನ್ನೂ ಬುನಾದಿ ಹಾಕಿಲ್ರಿ ಅತ್ತಿ. ಅಗಲ ಮಾಡ್ರಿ ಅಂತ ಸರ್‌ಗೆ ಹೇಳ್ತೇನಿ."

"ಹೇಳು. ನಾ ಹೇಳೇನಿ ಅಂತನ ಹೇಳು."